ಕಣಕಿ ತುಂಬಿದ ಅಣ್ಣ

ಆಗ ನನಗ ಹತ್ತು ವರ್ಷ. ಈ ಮಾತಿಗಿ ಐವತ್ತು ವರ್ಷದ ಮ್ಯಾಲ ಆಗ್ಯಾದ. ನಮ್ಮಣ್ಣ ಶಾಂತಪ್ಪ ಯುದ್ಧದಾಗ ಸತ್ತ. ಸತ್ತದ್ದು ಎಲ್ಲೋ ಗಡಿನಾಗ, ನಾನು ಇವತ್ತಿನ ತನಕ ನೋಡದ ಊರಾಗ. ಆದ್ರ ಅದಾದ ಮ್ಯಾಲ ಒಂದು ಇಡೀ ಬ್ಯಾಸಗಿ ಅಂವ ನಮ್ಮ ನಡುಮನ್ಯಾಗ ಗ್ವಾಡಿಗಿ ಒರಗಿ ಕುಂತಿದ್ದ. ಇದು ಹೇಳಿದ್ರ ಮಂದಿ ಮುದುಕಿಗಿ ಅರಳುಮರಳು ಅಂತಾರ. ಅನ್ಲಿ. ಆ ಮನ್ಯಾಗ ಇದ್ದಾಕಿ ನಾನು, ಅವರಲ್ಲ. ನಮ್ಮ ಮನೀದು ಬರೀಬೇಕಂದ್ರ ಮೊದಲ ಅಂವಂದೇ ಬರೀಬೇಕು. ನಾನು ಈಗ ಎಂಥಾಕಿ ಇದ್ದೀನೋ ಅಂಥಾಕಿ ಆದದ್ದು ಅಂವನ ಮುಂದ ಕುಂತು.

ಮನಿ ಬೀದರ ಹಳೀ ಊರಾಗ, ಕೋಟಿ ಕಡಿ ಹೋಗೋ ಗಲ್ಲ್ಯಾಗ ಇತ್ತು. ಕೆಂಪು ಕಲ್ಲಿನ ಮೂರು ಖೋಲಿ, ರೇಲ್ವೆ ಡಬ್ಬಿ ಹಂಗ ಒಂದರ ಹಿಂದ ಒಂದು. ಮುಂದ ಪಡಸಾಲಿ, ಹಿಂದ ಅಡಗಿ ಮನಿ, ನಡುವ ನಡುಮನಿ. ನಡುಮನಿಗಿ ಕಿಟಕಿ ಇರಲಿಲ್ಲ. ಮಾಳಗಿನ್ಯಾಗ ಅಂಗೈ ಅಗಲದ ಒಂದು ಬೆಳಕಿಂಡಿ, ಅಷ್ಟೇ. ಅದರಾಗಿಂದ ಬಿಸಿಲು ಒಂದು ರೊಟ್ಟಿ ಹಂಗ ನೆಲದ ಮ್ಯಾಲ ಬೀಳ್ತಿತ್ತು, ಹೊತ್ತು ಸರದಂಗ ಅದೂ ಸರೀತಿತ್ತು. ಜೋಳದ ಚೀಲದ ತನಕ ಬಂದ್ರ ನಮ್ಮಪ್ಪ ಕಿರಾಣಿ ಅಂಗಡಿ ಬಿಟ್ಟು ಉಣ್ಣಲಾಕ ಬರೋ ಹೊತ್ತು. ಗ್ವಾಡಿ ಏರಿದ್ರ ಅವ್ವ ಸಂಜಿ ಕಸ ಹೊಡಿಯೋ ಹೊತ್ತು. ಮನ್ಯಾಗ ಗಡಿಯಾರ ಇದ್ದಿಲ್ಲ, ಬೇಕೂ ಆಗಿದ್ದಿಲ್ಲ. ನನಗೂ ಅಣ್ಣಗೂ ನಡುವ ಎರಡು ಕೂಸು ಹೋಗಿದ್ದವು, ಅದಕ್ಕ ಅಂವ ನನಗ ಭಾಳ ದೊಡ್ಡಾಂವ. ಆದ್ರ ನಮ್ಮಿಬ್ಬರ ಕೈ ಒಂದೇ ನಮೂನಿ. ಹೆಬ್ಬಟ್ಟು ಗಿಡ್ಡ, ಕಿರುಬೆರಳು ಸೊಟ್ಟ. ನಾನು ಅವ್ವನ ಬಾಜೂಕ ಕುಂತು ಹಿಟ್ಟಿನ್ಯಾಗ ಕೈ ಒತ್ತಿದ್ರ ಅಕಿ ಆ ಗುರ್ತು ನೋಡಿ, ಶಾಂತಂದು ಸಣ್ಣ ಕೈ ಬಂತು ನೋಡು ಅಂತಿದ್ದಳು.

ಅಣ್ಣನ ಹೆಂಡತಿ ಭಾಲ್ಕಿಯಾಕಿ, ಮಹಾದೇವಿ ಅಂತ ಹೆಸರು. ನಾನು ವೈನಿ ಅಂತಿದ್ದೆ. ಲಗ್ನ ಆಗಿ ಬಂದಾಗ ಅಕಿಗಿ ಇನ್ನೂ ಲಂಗ ಪರಕಾರ ಉಡೋ ವಯಸ್ಸು. ಗಂಡ ಮನ್ಯಾಗ ಇದ್ದದ್ದು ಎರಡು ರಜಾ, ಅಷ್ಟರಾಗೇ ಅಕಿ ಗಂಡನ್ನ ನೋಡಿದ್ದು. ಅಣ್ಣ ರಜಾಕ್ಕ ಬಂದ್ರ ಸುಮ್ಮ ಕುಂದರಾವ ಅಲ್ಲ. ಮಾಳಗಿ ಏರಿ ಮಣ್ಣು ತುಳೀತಿದ್ದ, ಅಂಗಡ್ಯಾಗ ಚೀಲ ಎತ್ತತಿದ್ದ, ವೈನಿ ರೊಟ್ಟಿ ಬಡಿಯೋ ಮುಂದ ಹಿಂದಿನಿಂದ ಬಂದು, ಭಾಲ್ಕಿ ರೊಟ್ಟಿ ಭಾಲ್ಕಿ ಹಂಗೇ ಸಣ್ಣದು ಅಂತ ಅಣಗಿಸ್ತಿದ್ದ. ಅಕಿ ಸೆರಗು ಬಾಯಾಗ ಇಟ್ಕೊಂಡು ನಗ್ತಿದ್ದಳು. ಅವ್ವ ಕೇಳಿಸದಂಗ ಇರ್ತಿದ್ದಳು.

ಸತ್ತ ಸುದ್ದಿ ತಾರಿನ್ಯಾಗ ಬಂತು. ಅದರ ಬಗ್ಗಿ ಬರೀಲಾಕ ಏನಿಲ್ಲ, ಎಲ್ಲಾರ ಮನ್ಯಾಗ ಅತ್ತಂಗ ನಾವೂ ಅತ್ತೇವು. ಅಳು ಮುಗೀತದ. ಮುಗೀದೆ ಉಳಿದದ್ದು ಟ್ರಂಕ್ ಬಂದ ಮ್ಯಾಲಿಂದು. ಚಳಿ ಹೋಗಿ ಬಿಸಿಲು ಹತ್ತೋ ಮುಂದ ಅಣ್ಣನ ಪಲ್ಟನದಾಂವ ಒಬ್ಬ ಕರೀ ಟ್ರಂಕ್ ಹೊತ್ತು ತಂದ. ಭಾಲ್ಕಿ ಕಡ್ಯಾಂವ. ನೀರು ಕುಡದ, ತಲಿ ತಗ್ಗಿಸಿ ಕುಂತ. ಹೆಣ ಎಲ್ಲದ ಅಂತ ಅಪ್ಪ ಕೇಳಿದ. ಅಲ್ಲೇ ಎಲ್ಲಾರನ್ನೂ ಕೂಡಿಸಿ ಬೆಂಕಿ ಕೊಟ್ಟೇವ್ರಿ ಅಂತ ಅಂವ ಹೇಳಿದ. ಅವ್ವ ಅಲ್ಲಿ ತನಕ ಅಳ್ತಿದ್ದಾಕಿ ಒಮ್ಮೆಲೇ ಸುಮ್ಮ ಆದಳು. ನಮ್ಮ ಮಂದಿನ್ಯಾಗ ಸುಡಾದಿಲ್ಲ. ಸತ್ತವರಿಗಿ ಮೈ ತೊಳದು, ಈಬತ್ತಿ ಹಚ್ಚಿ, ಗ್ವಾಡಿಗಿ ಒರಗಿಸಿ ಕುಂದ್ರಿಸತೀವಿ. ಭಜನಿ ಮಾಡತೀವಿ. ಆಮ್ಯಾಲ ಕುಂತವರನ್ನ ಕುಂತಂಗೇ ಹೊಲದಾಗಿನ ಕುಣಿಗಿ ಇಳಿಸಿ, ಅವರ ಕೊಳ್ಳಾಗಿನ ಲಿಂಗ ಎಡಗೈಯಾಗ ಇಟ್ಟು ಮಣ್ಣು ಕೊಡತೀವಿ. ಲಿಂಗ ಕೈಯಾಗ ಹಿಡ್ಕೊಂಡೇ ಹೋಗಬೇಕು. ಆ ಸಿಪಾಯಿ ಎದ್ದು ಹೋಗೋ ಮುಂದ ಅಂಗಿ ಕಿಸೆದಾಗಿಂದ ಒಂದು ದಸ್ತಿ ಗಂಟು ತಗದು ಅವ್ವನ ಮುಂದ ಇಟ್ಟ.

"ಇದು ಅವನ ಕೊಳ್ಳಾಗ ಇತ್ತವ್ವಾ. ಬೆಂಕಿಗಿ ಹಾಕಲಾಕ ನನ್ನ ಕೈ ಏಳಲಿಲ್ಲ."

ಅಣ್ಣನ ಲಿಂಗ ಅದು. ಮೈ ಅಲ್ಲೇ ಹೋಯ್ತು, ಲಿಂಗ ಮನಿಗಿ ಬಂತು. ಈಗ ಏನು ಮಾಡಬೇಕು ಅಂತ ನಮ್ಮ ಗಲ್ಲ್ಯಾಗ ಯಾರಿಗೂ ತಿಳೀಲಿಲ್ಲ. ಮಠದ ಅಯ್ಯನೋರು ಬಂದು, ಲಿಂಗ ಒಂದೇ ಹೋಗಬಾರದು, ಹಿಡಿಲಾಕ ಕೈ ಬೇಕು, ಅವನ ಬಟ್ಟಿಗೇ ಅವನ ಮೈ ಅಂತ ತಿಳ್ಕೋರಿ ಅಂದರು. ಅದರಂಗ ಅಪ್ಪ ಜೋಳದ ಒಣ ದಂಟು, ಕಣಕಿ, ಕತ್ತರಿಸಿ ತಂದ. ಟ್ರಂಕಿನ್ಯಾಗಿದ್ದ ಖಾಕಿ ಅಂಗಿ, ಖಾಕಿ ಪಾಟಲೂನಿಗಿ ಕಣಕಿ ತುಂಬಿದರು. ಚಳಿ ಸೀಮಿಗಿ ಕೊಟ್ಟಿದ್ದ ಕೈಬೆರಳಿಗಿ ಹಾಕೋ ಉಣ್ಣಿ ಕೈಚೀಲ ಇದ್ದವು, ಬೆರಳು ಬೆರಳಿಗಿ ಹತ್ತಿ ಅರಳಿ ತುಂಬಿ ತೋಳಿಗಿ ಹೊಲದರು. ತಲಿಗಿ ಬಿಳಿ ಧೋತರದ ಗಂಟು, ಅದರ ಮ್ಯಾಲ ಅಪ್ಪನ ರುಮಾಲು. ಹಣಿ ಇರೋ ಜಾಗಕ್ಕ ಈಬತ್ತಿ ಬಳದರು. ನಡುಮನ್ಯಾಗ, ನಮ್ಮಜ್ಜನ್ನ ಕುಂದ್ರಿಸಿದ್ದ ಜಾಗದಾಗೇ ಕುಂದ್ರಿಸಿದರು. ಎಡಗೈ ತೊಡಿ ಮ್ಯಾಲ ಇಟ್ಟು, ಬೆರಳು ಮಡಚಿ, ನಡುವ ಲಿಂಗ ಇಟ್ಟರು. ಮಾರಿ ಇರಲಿಲ್ಲ. ನಾನು ಅದನ್ನೇ ನೋಡ್ತಿದ್ದೆ. ಈಬತ್ತಿ ಅದ, ರುಮಾಲದ, ನಡುವ ಏನೂ ಇಲ್ಲ.

ಭಜನಿ ಆಯ್ತು. ಔರಾದ ರೋಡಿಗಿ ಸಂತಪುರದಾಗ ನಮ್ಮ ಹೊಲ, ಹಿರೇರು ಎಲ್ಲಾ ಅಲ್ಲೇ ಮಲಗ್ಯಾರ. ದೊಡ್ಡಪ್ಪ ಅಲ್ಲಿ ಕುಣಿ ತೋಡಿಸಿದ್ದ. ಮುಂಜಾನಿ ಜೀಪು ಬಂದು ಗಲ್ಲಿ ಬಾಯಾಗ ನಿಂತಿತು. ಅಯ್ಯನೋರು ಅವ್ವಗ ಹೊತ್ತು ಏರ್ತದ ತಾಯಿ, ಎಬ್ಬಸೋಣು ಅಂದರು. ಅವ್ವ ಅಂವನ ಮುಂದ ಕುಂತಾಕಿ ಹಿಂದ ತಿರುಗಿ ನೋಡಲಿಲ್ಲ.

"ವರ್ಷದ ಮ್ಯಾಲ ಮನಿಗಿ ಬಂದಾನ್ರಿ. ಒಂದು ರೊಟ್ಟಿ ತಿಂದು ಹೋಗ್ಲಿ."

ಹಂಗಂದು ಎದ್ದು ಹೋಗಿ ಒಲಿ ಹೊತ್ತಿಸಿದಳು. ಹೆಣ ಮನ್ಯಾಗ ಇದ್ದಾಗ ಒಲಿ ಹೊತ್ತಿಸಬಾರದು, ಅದು ಸಣ್ಣ ಕೂಸಿಗೂ ಗೊತ್ತು. ಬಾಜೂ ಮನಿ ಹಲೀಮಾ ಖಾಲಾ ಅದಕ್ಕೇ ನಮಗ ಬಾಳಿಹಣ್ಣು, ಚುರಮುರಿ ತಂದು ಇಟ್ಟಿದ್ದಳು. ಅವರು ಬೇಯಿಸಿದ್ದು ನಾವು ಉಣ್ಣಾದಿಲ್ಲ ಅಂತ ಅಕಿಗಿ ಗೊತ್ತಿತ್ತು. ಒಲಿಗಿ ಬೆಂಕಿ ಬಿದ್ದದ್ದು ನೋಡಿ ಬಂದ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದರು. ಒಲಿ ಹೊತ್ತಿದ ಮ್ಯಾಲ ಅದು ಹೆಣ ಅಲ್ಲ. ಹೆಣ ಅಲ್ಲ ಅಂದ್ರ ಎಬ್ಬಸಲಾಕ ಬರಾದಿಲ್ಲ. ಮಧ್ಯಾಹ್ನದ ತನಕ ಕಾದು ಜೀಪು ಹೋಯ್ತು. ನಾಳಿಗಿ ಅಂದಳು ಅವ್ವ. ಮರುದಿನಾನೂ ನಾಳಿಗಿ ಅಂದಳು. ಆಮ್ಯಾಲ ಕೇಳೋದು ಬಿಟ್ಟರು.

ಅಪ್ಪ ಯಾಕ ಸುಮ್ಮ ಕುಂತ ಅಂತ ನೀವು ಕೇಳಬಹುದು. ಅಪ್ಪ ಅವ್ವಗ ಅಂಜತಿದ್ದ. ಮೊದಲಿಂದ ಅಲ್ಲ, ಆ ಒಲಿ ಹೊತ್ತಿಸಿದ ದಿನದಿಂದ. ಮುಂಜಾನಿ ಎದ್ದು ಅಂಗಡಿಗಿ ಹೋದಾಂವ ದೀಪ ಹಚ್ಚೋ ಹೊತ್ತಿಗೇ ಬರ್ತಿದ್ದ. ಮಧ್ಯಾಹ್ನದ ರೊಟ್ಟಿ ಅಂಗಡಿಗೇ ತರಿಸ್ಕೋತಿದ್ದ. ಮನಿಗಿ ಬಂದ್ರೂ ಪಡಸಾಲಿ ದಾಟತಿರಲಿಲ್ಲ.

ನಾವು ಮೂರು ಹೆಂಗಸರು ಅಂವನ ಜೋಡಿ ಉಳದೇವು. ಮೊದಮೊದಲ ನಡುಮನಿ ದಾಟೋದಂದ್ರ ನನಗ ಭಾಳ ಅಂಜಿಕಿ. ಹೊರಗ ಉರಿ ಬಿಸಿಲು, ಒಳಗ ಕತ್ತಲಿ, ಕಣ್ಣು ಹೊಂದಿಕೊಳ್ಳೋ ತನಕ ಗ್ವಾಡಿಗಿ ಯಾರೋ ಕುಂತಾರ ಅಂತ ಅಷ್ಟೇ ಕಾಣಸ್ತಿತ್ತು. ಬೆಳಕಿಂಡಿ ಬಿಸಿಲು ಸರೀತಾ ಸರೀತಾ ಅವನ ಅಂಗಿ ಗುಂಡಿ ಮ್ಯಾಲ ಬಂದಾಗ ಗುಂಡಿ ಮಿಂಚತಿದ್ದವು, ಒಂದಾದ ಮ್ಯಾಲ ಒಂದು, ಕೆಳಗಿಂದ ಮ್ಯಾಲಕ. ಟ್ರಂಕಿನ್ಯಾಗ ಬಟ್ಟಿಗಿ ಇಟ್ಟಿದ್ದ ಡಾಂಬರ ಗುಳಿಗಿ ವಾಸನಿ, ಒಣ ಕಣಕಿ ವಾಸನಿ. ದಿನಾ ಸ್ವಲ್ಪ ಸ್ವಲ್ಪ ವಾಲತಿದ್ದ. ಮುಂಜಾನಿ ಅವ್ವ ಬಗಲಾಗ ಕೈ ಹಾಕಿ ಮ್ಯಾಲ ಎಳದು ನೆಟ್ಟಗ ಕುಂದ್ರಿಸತಿದ್ದಳು. ಜೀವಂತ ಇದ್ದಾಗ ಅಣ್ಣ ಇಷ್ಟು ಹೇಳಿದಂಗ ಕೇಳಿದಾಂವ ಅಲ್ಲ.

ಅಂಜಿಕಿ ಒಂದು ದಿನ ಹೋಯ್ತು, ಹೋದದ್ದು ಗೊತ್ತಾಗಲಿಲ್ಲ. ಅದೇ ಕೆಟ್ಟದ್ದು. ಅವ್ವ ಅಂವನ ಮುಂದ ಕುಂತು ಕಾಯಿಪಲ್ಯ ಸೋಸತಾ, ಬದನಿಕಾಯಿ ತುಟ್ಟಿ ಆಗ್ಯಾವ ನೋಡಪಾ ಅಂತಿದ್ದಳು. ಹಾಲಿನಾಂವ ಬಾಗಿಲದಾಗಿಂದ ಒಳಗ ನೋಡಿ ಶರಣ್ರೀ ಅಂದು ಹೋಗತಿದ್ದ. ನಾನು ಅಂವನ ಕಾಲು ದಾಟದಂಗ ಸುತ್ತು ಹಾಕಿ ಹೋಗೋದು ಕಲತೆ. ಅವ್ವ ಗುಡಿಗಿ, ಸಂತಿಗಿ ಹೋಗೋ ಮುಂದ ಅಣ್ಣನ್ನ ಒಬ್ಬನ್ನೇ ಬಿಡಬಾರದು ಅಂತ ನನ್ನ ಸಾಲಿ ಬಿಡಿಸಿದಳು. ಮೂರನೇ ಇಯತ್ತೆಗಿ ನನ್ನ ಸಾಲಿ ಮುಗೀತು. ಪಾಟಿ ಹಿಡ್ಕೊಂಡು ಅಂವನ ಎದುರಿಗೇ ಕುಂತು ಲೆಕ್ಕ ಬರೀತಿದ್ದೆ. ಒಂದು ದಿನ ಒಂದು ಲೆಕ್ಕ ಬರಲಿಲ್ಲ, ತಲಿ ಎತ್ತಿ ಅಣ್ಣಾ ಇದು ಹ್ಯಾಂಗ ಅಂತ ಕೇಳಿದೆ. ಕೇಳಿ ಸುಮ್ಮ ಕುಂತೆ. ಉತ್ತರಕ್ಕ ಕಾಯಲಾಕ ಹತ್ತೀನಿ ಅಂತ ತಿಳಿಲಾಕ ನನಗ ಭಾಳ ಹೊತ್ತು ಹಿಡೀತು. ಗಲ್ಲಿ ಹುಡುಗುರು ನನ್ನ ಕಂಡ್ರ, ಕಣಕಿ ಸಿಪಾಯಿ ಉಂಡನೇನ ಅಂತ ಕೇಳತಿದ್ದರು. ಉಂಡ, ನಿಮ್ಮಪ್ಪನಕಿಂತ ಒಂದು ರೊಟ್ಟಿ ಹೆಚ್ಚಿಗಿ ಉಂಡ ಅಂತಿದ್ದೆ. ಅವರು ನಗತಿದ್ದರು, ನಾನು ನಗತಿರಲಿಲ್ಲ.

ಹಲೀಮಾ ಖಾಲಾ ಎಮ್ಮಿ ಕಟ್ಟಿದಾಕಿ. ಅವರೂ ಮಣ್ಣು ಕೊಡೋರೇ, ನಾವೂ ಮಣ್ಣು ಕೊಡೋರೇ, ಅದಕ್ಕ ಅಕಿಗಿ ಈ ಸಂಗತಿ ಉಳದವರಕಿಂತ ಚೊಲೋ ತಿಳೀತು. ಒಂದು ಮುಂಜಾನಿ ನಡುವಿನ ಗ್ವಾಡಿ ಮ್ಯಾಲಿಂದ ಅವ್ವಗ ಹೇಳಿದಳು.

"ಮಿಟ್ಟಿ ದೇ ದೇವ್ ಶಿವಮ್ಮಾ. ಮಿಟ್ಟಿ ಕಾ ಹಕ್ ಹೈ." ಮಣ್ಣು ಕೊಟ್ಟು ಬಿಡು, ಅದು ಮಣ್ಣಿನ ಪಾಲು ಅಂತ.

"ನಿನ್ನ ಮಗ ಎಮ್ಮಿ ಬಿಟ್ಕೊಂಡು ಹೋಗ್ಯಾನ. ನನ್ನ ಮಗ ಒಳಗ ಕುಂತಾನ," ಅಂದಳು ಅವ್ವ. "ಸಂಜಿಗಿ ಇಬ್ಬರೂ ಉಣ್ತಾರ."

ಖಾಲಾ ಮತ್ತ ಆ ಮಾತು ತಗೀಲಿಲ್ಲ. ಆದ್ರ ಅವತ್ತಿಂದ ಗ್ವಾಡಿ ಮ್ಯಾಲ ಇಣುಕೋದು ಬಿಟ್ಟಳು.

ಎಲ್ಲಾಕ್ಕಿಂತ ಹೆಚ್ಚಿಗಿ ಕಷ್ಟ ವೈನಿಗಿ. ನಮಗ ಅಂವ ಮಗ, ಅಣ್ಣ. ಅಕಿಗಿ ಗಂಡ. ಮುಂಜಾನಿ ಮಿಂದು ಬಂದು ಹಣಿಗಿ ಈಬತ್ತಿ ಹಚ್ಚಬೇಕು. ಅಂವನ ತಾಟಿಗಿ ರೊಟ್ಟಿ, ಪುಂಡಿಪಲ್ಯ, ಹಿಂಡಿ ನೀಡಿ ಮುಂದಿಡಬೇಕು. ಗಂಡ ಉಂಡ ತಾಟಿನ್ಯಾಗೇ ಹೆಂಡತಿ ಉಣ್ಣೋದು ನಮ್ಮಲ್ಲಿ ಪದ್ಧತಿ. ಅವ್ವ ಅದನ್ನೂ ಬಿಡಲಿಲ್ಲ. ರೊಟ್ಟಿ ಆರಿ ಹಪ್ಪಳ ಆದ ಮ್ಯಾಲ, ಅಂವ ಉಂಡಾನ, ಇನ್ನ ನೀ ಉಣ್ಣು ಅಂತಿದ್ದಳು. ವೈನಿ ಅಂವನ ಎದುರಿಗಿ ಕುಂತು ಅದೇ ತಾಟಿನ್ಯಾಗ ಉಣತಿದ್ದಳು. ಕೈ ತುಂಬ ಹಸರು ಬಳಿ, ಕೊಳ್ಳಾಗ ತಾಳಿ, ಎಲ್ಲಾ ಹಂಗೇ. ಗಂಡ ಮನ್ಯಾಗ ಕುಂತಾಗ ಅವು ತಗಿಯೋದು ಹ್ಯಾಂಗ? ತವರಿಗಿ ಹೋಗೋದು ಹ್ಯಾಂಗ? ವೈನಿ ಅತ್ತದ್ದು ನಾನು ನೋಡಲಿಲ್ಲ. ತೆಳ್ಳಗ ಆಗ್ತಾ ಹೋದಳು, ಬಳಿ ಮೊಣಕೈ ತನಕ ಜಾರತಿದ್ದವು.

ಅಕಿ ಅಪ್ಪ, ಭಾಲ್ಕಿ ಮಾವ, ರೇಲ್ವೆಕ್ಕ ಬಂದ ಕರಿಯಲಾಕ. ಬೆಲ್ಲದ ಹೆಂಟಿ ತಂದಿದ್ದ. ಪಡಸಾಲ್ಯಾಗ ಕುಂತು, ಹುಡುಗಿ ಅವ್ವ ಹಾಸಗಿ ಹಿಡದಾಳ, ನಾಕು ದಿನ ಕರ್ಕೊಂಡು ಹೋಗ್ತೇನ್ರಿ ಅಕ್ಕೋರ ಅಂದ. ಅವ್ವ ಚಾ ಸೋಸತಾ ಹೇಳಿದಳು.

"ನನಗ ಯಾಕ ಕೇಳ್ತೀರಿ ಅಣ್ಣಾರ? ಗಂಡ ಒಳಗ ಕುಂತಾನ. ಅಂವಗ ಕೇಳ್ರಿ."

ಮಾವ ನಗಬೇಕೋ ಬ್ಯಾಡೋ ತಿಳೀದೆ ಅಪ್ಪನ ಕಡಿ ನೋಡಿದ. ಅವತ್ತು ಅಪ್ಪ ಬೀಗರು ಬಂದಾರ ಅಂತ ಮನ್ಯಾಗೇ ಇದ್ದ, ತನ್ನ ಕಾಲ ಬೆರಳು ನೋಡ್ಕೋತ ಕುಂತಿದ್ದ. ಮಾವ ಎದ್ದ. ಟೋಪಿ ತಗದು ಕೈಯಾಗ ಹಿಡ್ಕೊಂಡು ನಡುಮನಿಗಿ ಹೋದ. ನಾನು ಬಾಗಿಲ ಮರಿಗಿ ನಿಂತಿದ್ದೆ. ದೊಡ್ಡ ಮನಷ್ಯಾ, ಬಿಳಿ ಮೀಸಿ, ಊರಾಗ ನಾಕು ಮಂದಿ ಮಾತು ಕೇಳೋ ಅಂಥಾಂವ. ಅಂವ ಕೇಳಿದ. ಅಳಿಯಂದ್ರ, ಹುಡುಗೀಗಿ ಕರ್ಕೊಂಡು ಹೋಗ್ಲೇನ್ರಿ ಅಂತ ಮೆಲ್ಲಕ ಕೇಳಿ, ತಲಿ ಒಂದು ಕಡಿ ವಾರಿ ಮಾಡಿ ನಿಂತ. ಬಿಸಿಲು ಒಂದು ಗುಂಡಿಯಿಂದ ಇನ್ನೊಂದು ಗುಂಡಿಗಿ ಹೋಯ್ತು. ಹೊರಗ ಬಂದಾಗ ಮಾರಿ ತುಂಬ ಬೆವರು.

"ಏನೂ ಅನ್ನಲಿಲ್ಲ," ಅಂದ ಅಪ್ಪಗ.

"ಅಂವ ಮೊದಲಿಂದ ಮಾತು ಕಡಿಮಿ," ಅಂದ ಅಪ್ಪ.

ಇಬ್ಬರೂ ಖರೇನೇ ಮಾತಾಡಿದರು, ಹಾಸ್ಯ ಅಲ್ಲ. ಮಾವ ಚಾ ಕುಡದು, ಮಗಳನ್ನ ಬಿಟ್ಟು, ಒಬ್ಬನೇ ಭಾಲ್ಕಿಗಿ ಹೋದ. ವೈನಿ ಅಡಗಿ ಮನ್ಯಾಗ ನಿಂತು ಎಲ್ಲಾ ಕೇಳಿಸ್ಕೊಂಡಳು. ಬೆಲ್ಲ ತಗದು ಡಬ್ಬಿಗಿ ಹಾಕಿದಳು.

ಅದರ ಮರುವಾರ ಅಂವಗ ಕಣ್ಣು ಬಂದವು. ಮುಂಜಾನಿ ಎದ್ದು ನೋಡಿದ್ರ ಬಿಳಿ ಧೋತರದ ಮ್ಯಾಲ, ಈಬತ್ತಿ ಕೆಳಗ, ಎರಡು ಕರೀ ಕಣ್ಣು. ಬರದದ್ದು ಅವ್ವ, ಅಕಿ ಬೆರಳಿಗಿ ಕಾಡಿಗಿ ಇತ್ತು. ಆದ್ರ ಅದು ಗೊತ್ತಿದ್ದು ಏನೂ ಉಪಯೋಗ ಇಲ್ಲ. ಎಲ್ಲಿ ಹೋದ್ರೂ ನಮ್ಮ ಕಡೀನೇ ನೋಡ್ತಿದ್ದ. ಅಣ್ಣನ ಕಣ್ಣು ಸಣ್ಣವು, ನಕ್ಕರ ಮುಚ್ಚೇ ಹೋಗತಿದ್ದವು. ಇವು ದೊಡ್ಡವು, ಮುಚ್ಚತಿರಲಿಲ್ಲ. ಅವತ್ತು ಬೀಸೋ ಕಲ್ಲಿನ ಮುಂದ ವೈನಿ ನನಗ ಒಂದು ಮಾತು ಹೇಳಿದಳು. ಗೂಟ ಹಿಡದ ಕೈ ನಿಲ್ಲಿಸಿ ಹೇಳಿದಳು.

"ಕಾಶಿ, ನನಗ ನಿಮ್ಮಣ್ಣನ ಮಾರಿ ಮರೀಲಾಕ ಹತ್ತದ. ಕಣ್ಣು ಮುಚ್ಚಿದ್ರ ಇದೇ ಬರ್ತದ. ಇದು ಹಿಂಗೇ ಕುಂತ್ರ ಅವರು ಪೂರ್ತಿ ಹೋಗ್ತಾರ."

ನನಗೂ ಹಂಗೇ ಆಗಿತ್ತು. ನಾನು ಹೇಳಿರಲಿಲ್ಲ, ಅಷ್ಟೇ.

ಆಮ್ಯಾಲ ಅಂವ ಉಸರಾಡಲಾಕ ಹತ್ತಿದ. ಮೊದಲ ನೋಡಿದಾಕಿ ಅವ್ವ. ಬಾ ಇಲ್ಲಿ, ಇಲ್ಲಿ ನೋಡು ಅಂತ ನನ್ನ ಕರದಳು. ಎಡಗಡಿ ಕಿಸೆದ ಹತ್ತಿರ ಖಾಕಿ ಅರಬಿ ಸ್ವಲ್ಪ ಏಳತಿತ್ತು, ಇಳೀತಿತ್ತು. ಏಳತಿತ್ತು, ಇಳೀತಿತ್ತು. ಒಂದೊಂದು ಸಲ ಭಾಳ ಹೊತ್ತು ನಿಂತು, ಮತ್ತ ಏಳತಿತ್ತು. ಒಳಗ ಇಲಿ ಗೂಡು ಕಟ್ಟಿದ್ದವು, ಇಷ್ಟೇ. ಕಣಕಿ ಇದ್ದಲ್ಲಿ ಇಲಿ ಬರ್ತಾವ. ದಿನಾ ಕೈ ಹಾಕಿ ಎತ್ತೋ ಅವ್ವ ಅದನ್ನ ತಿಳೀದಾಕಿ ಅಲ್ಲ. ಆದ್ರ ಅಕಿ ಅಂಗೈ ಅಲ್ಲಿ ಇಟ್ಟು ಕಣ್ಣು ಮುಚ್ಚಿ ಕುಂತಳು. ನನಗ ಅಂಜಿಕಿ ಬಂದದ್ದು ಆ ಕಣಕಿ ನೋಡಿ ಅಲ್ಲ, ಅವ್ವನ ಮಾರಿ ನೋಡಿ. ಅಕಿ ನಗ್ತಿದ್ದಳು.

ಒಂದು ಅಮಾಸಿ ದಿನ ಅವ್ವ ಮಠಕ್ಕ ಹೋಗಿದ್ದಳು. ಉರಿ ಮಧ್ಯಾಹ್ನ. ವೈನಿ ತಾಟು ನೀಡಿ ಇಟ್ಟು, ಅದು ಆರೋ ತನಕ ಕಾಯತಾ ಕುಂತಿದ್ದಳು. ನಾನು ಬಾಜೂಕ ಇದ್ದೆ. ಏನೋ ಟಕ್ ಅಂತು. ನೋಡಿದ್ರ ಅಂವನ ಎಡಗೈ ಚೀಲದ ಬೆರಳು ಇಲಿ ಕಡದಿದ್ದವು, ಅರಳಿ ಹೊರಗ ಬಂದಿತ್ತು, ಹಿಡಿತ ಸಡಲಿ ಲಿಂಗ ನೆಲಕ್ಕ ಬಿದ್ದಿತ್ತು. ಲಿಂಗ ನೆಲಕ್ಕ ಬೀಳೋದು ಅಂದ್ರ ನಮಗ ಸಣ್ಣ ಮಾತಲ್ಲ. ಜೀವ ಹೋದ್ರೂ ಅದು ಕೈಯಾಗಿಂದ ಬೀಳಬಾರದು. ನಾನು ದಡಕ್ಕನ ಎದ್ದು ಎತ್ತಲಾಕ ಬಗ್ಗಿದೆ. ವೈನಿ ನನ್ನ ರಟ್ಟಿ ಹಿಡದಳು.

"ಮುಟ್ಟಬ್ಯಾಡ. ಇರ್ಲಿ ಅಲ್ಲೇ. ಅತ್ತಿ ಬಂದು ನೋಡ್ಲಿ."

"ಪಾಪ ಹತ್ತತದ ವೈನಿ."

"ನನಗ ಹತ್ಲಿ. ನೀ ಕುಂದರು."

ಕುಂತೇವು. ಆ ಮಧ್ಯಾಹ್ನದಷ್ಟು ಉದ್ದ ಹೊತ್ತು ನಾನು ಮತ್ತ ನೋಡಿಲ್ಲ. ಗಲ್ಲ್ಯಾಗ ನಾಯಿ ಸುದ್ದ ಇಲ್ಲ. ಅಂವನ ಎದ್ಯಾಗ ಸರಸರ ಸಪ್ಪಳ. ಬೆಳಕಿಂಡಿ ಬಿಸಿಲು ನೆಲದ ಮ್ಯಾಲ ಸರೀತಾ ಬಂದು ಲಿಂಗದ ಮ್ಯಾಲ ಕುಂತಿತು, ಅಲ್ಲಿಂದ ಅಂವನ ಕಾಲು ಏರಿತು. ವೈನಿ ಕಣ್ಣು ಕದಲಿಸಲಿಲ್ಲ. ಎತ್ತಿ ಇಟ್ಟು, ಬೆರಳು ಹೊಲದು ಬಿಟ್ಟಿದ್ರ ಏನೂ ಆಗತಿರಲಿಲ್ಲ. ಮುಂದಿನ ಬ್ಯಾಸಗಿಗೂ ಅಕಿ ಅಲ್ಲೇ ಕುಂತು ಆರಿದ ರೊಟ್ಟಿ ತಿಂತಿದ್ದಳು. ಅದು ಅಕಿಗಿ ಗೊತ್ತಿತ್ತು, ನನಗೂ ಗೊತ್ತಾಯ್ತು.

ಅವ್ವ ಬಂದಳು. ಬಿಸಿಲಿನ್ಯಾಗಿಂದ ಬಂದಾಕಿಗಿ ಮೊದಲ ಏನೂ ಕಾಣಲಿಲ್ಲ. ಉಂಡನೇನು ಅಂತ ಕೇಳಿದಳು. ಅಕಿ ಕಣ್ಣು ಹೊಂದಿಕೊಂಡು ಕೆಳಗ ನೋಡಿದಳು. ಪ್ರಸಾದದ ಗಂಟು ಕೈಯಾಗಿಂದ ಬಿತ್ತು. ನಮ್ಮ ಕಡಿ ಬೈತಾಳ ಅಂತ ನಾನು ಕಾದೆ. ಬೈಲಿಲ್ಲ. ಲಿಂಗ ಎತ್ತಿ ಸೆರಗಿಲೆ ಒರಸಿ, ಕಣ್ಣಿಗಿ ಒತ್ತಿಕೊಂಡು, ಆ ಕೈಚೀಲದಾಗ ಇಟ್ಟು ಬೆರಳು ಮಡಚಿದಳು. ಬೆರಳು ನಿಲ್ಲಲಿಲ್ಲ. ಮತ್ತ ಬಿತ್ತು. ಈ ಸಲ ಅಕಿ ನೆಲಕ್ಕ ತಾಕೋ ಮೊದಲ ತನ್ನ ಎಡಗೈಯಾಗ ಹಿಡದಳು. ಹಿಡ್ಕೊಂಡು ಆ ಕಾಡಿಗಿ ಕಣ್ಣು ನೋಡ್ತಾ ನಿಂತಳು.

"ನನ್ನ ಮಗ ಲಿಂಗ ಬೀಳಸಾಂವ ಅಲ್ಲ," ಅಂದಳು. ಸಂತ್ಯಾಗ ತಕ್ಕಡಿ ಸುಳ್ಳು ಅಂತ ಹೇಳೋರ ದನಿ ಅದು. "ಇದು ಯಾವುದೋ."

ಕುಂತು ಅಂಗಿ ಗುಂಡಿ ಬಿಚ್ಚಿದಳು, ಮ್ಯಾಲಿಂದ ಕೆಳಕ. ಎಡಗಡಿ ಕಿಸೆದ ಹಿಂದ ಕಣಕಿ ಸೀಳಿ ಮೆತ್ತಗ ಮಾಡಿದ ಗೂಡು, ಅದರಾಗ ಕಣ್ಣು ಬಿಡದ ಕೆಂಪು ಮರಿ. ಹೆಬ್ಬಟ್ಟಿನಷ್ಟು. ಎಲ್ಲಾ ಕೂಡಿ ಒಂದೇ ಉಸರು ಆಡ್ತಿದ್ದವು. ಅವ್ವ ಭಾಳ ಹೊತ್ತು ನೋಡಿದಳು. ಆಮ್ಯಾಲ ಆ ಗೂಡು ಹಂಗೇ ಎತ್ತಿ ನನ್ನ ಲಂಗದಾಗ ಹಾಕಿ, ಹಿತ್ತಲ ಗ್ವಾಡಿ ಬುಡಕ್ಕ ಇಟ್ಟು ಬಾ ಅಂದಳು. ಇಟ್ಟು ಬಂದೆ. ಸಂಜಿಗಿ ಗೂಡು ಇತ್ತು, ಮರಿ ಇರಲಿಲ್ಲ. ಬೆಕ್ಕು ಒಯ್ತೋ ತಾಯಿ ಒಯ್ತೋ ನಾನು ವಿಚಾರ ಮಾಡಲಿಲ್ಲ.

ದೀಪ ಹಚ್ಚೋ ಹೊತ್ತಿಗಿ ಅಪ್ಪ ಬಂದಾಗ ಕಣಕಿ ಒಂದು ಮೂಲಿಗಿ ರಾಶಿ ಬಿದ್ದಿತ್ತು, ಖಾಕಿ ಬಟ್ಟಿ ಒಗದು ಹಗ್ಗದ ಮ್ಯಾಲ ಒಣ ಹಾಕಿದ್ದಳು ಅವ್ವ. ಅಪ್ಪ ಪಡಸಾಲಿ ದಾಟಿ ಒಳಗ ಬಂದ. ಹಗ್ಗದ ಮ್ಯಾಲಿನ ಅಂಗಿ ಹಿಡ್ಕೊಂಡು ಅತ್ತ. ಅವ್ವ ಅಯ್ಯನೋರಿಗಿ, ದೊಡ್ಡಪ್ಪಗ, ಭಾಲ್ಕಿಗಿ ಹೇಳಿ ಕಳಸು ಅಂದಳು. ಲಿಂಗ ಅಕಿ ಎಡಗೈಯಾಗೇ ಇತ್ತು. ಬಟ್ಟಿ ಒಗದದ್ದು ಒಂದೇ ಕೈಲೆ.

ಹೋಗೋ ದಿನ ಮುಂಜಾನಿ ಅವ್ವ ಜೋಳದ ಹಿಟ್ಟು ಬಿಸಿನೀರಿಲೆ ಗಟ್ಟಿ ನಾದಿದಳು. ನನ್ನ ಕರದು ಎಡಗೈ ಚಾಚು ಅಂದಳು. ನನ್ನ ಕೈ ನೋಡಿ ನೋಡಿ ಹಿಟ್ಟಿನ್ಯಾಗ ಒಂದು ಕೈ ಮಾಡಿದಳು. ದೊಡ್ಡದು, ಗಂಡಸಿಂದು. ಆದ್ರ ಗಿಡ್ಡ ಹೆಬ್ಬಟ್ಟು ನಂದು, ಸೊಟ್ಟ ಕಿರುಬೆರಳು ನಂದು. ಬೆರಳು ಒಳಗ ಮಡಚಿ, ಹಂಚಿನ ಮ್ಯಾಲ ಎರಡೂ ಕಡಿ ಬೇಯಿಸಿದಳು, ಬಿಚ್ಚದಂಗ. ನನ್ನ ಕೈಯೇ ಹಂಚಿನ ಮ್ಯಾಲ ಕುಂತು ಬೆಂದಂಗ ಕಂಡು ನಾನು ಕೈ ಬಗಲಾಗ ಮುಚ್ಚಿಟ್ಟುಕೊಂಡೆ.

ಸಂತಪುರಕ್ಕ ಜೀಪು ಬ್ಯಾಡ ಅಂದಳು ಅವ್ವ, ಔರಾದ ಬಸ್ಸಿನ್ಯಾಗೇ ಹೋದೇವು. ಅವ್ವನ ಮಡಲಾಗ ಒಂದು ಬಿಳಿ ಅರಬಿ ಗಂಟು, ಮಂದಿ ಬುತ್ತಿ ಅಂತ ತಿಳ್ಕೊಂಡರು. ಹೊಲದಾಗ ಅಜ್ಜನ ಬಾಜೂಕ ಕುಣಿ. ಮಡಚಿದ ಖಾಕಿ ಬಟ್ಟಿ ಇಟ್ಟರು, ಅದರ ಮ್ಯಾಲ ಆ ಕೈ, ಕೈಯಾಗ ಲಿಂಗ. ಬಿಗಿಯಾಗಿ ಕುಂತಿತು.

"ಹಿಡದಾನ," ಅಂದಳು ಅವ್ವ. ಅಂದು ಮೊದಲನೇ ಹಿಡಿ ಮಣ್ಣು ತಾನೇ ಹಾಕಿದಳು.

ಊರ ಹೆಂಗಸರು ವೈನಿ ಬಳಿ ಒಡೀಲಾಕ ಬಂದರು. ವೈನಿ ಕೈ ಹಿಂದ ತಗೊಂಡಳು. ಒಡೀಬ್ಯಾಡ್ರಿ, ಅಕಿ ತಾನೇ ತಗೀತಾಳ ಅಂದಳು ಅವ್ವ. ಕೊಳ್ಳಾಗಿನ ತಾಳಿ ಬಿಚ್ಚಿದಾಕೀನೂ ಅವ್ವನೇ, ಅದನ್ನ ಮಣ್ಣಿಗಿ ಹಾಕಿದಳು. ಬಳಿ ತಗಿಯೋದಂತೂ ಏನು ಕಷ್ಟ ಇರಲಿಲ್ಲ. ವೈನಿ ಕೈ ಕೆಳಗ ಬಿಟ್ಟಳು, ಅವು ತಾವೇ ಜಾರಿ ಬಂದವು. ಮುಂದ ಸ್ವಲ್ಪ ವರ್ಷಕ್ಕ ಅಕಿಗಿ ಭಾಲ್ಕಿಯಾಗೇ ಎರಡನೇ ಲಗ್ನ ಮಾಡಿದರು. ಮಕ್ಕಳು, ಮೊಮ್ಮಕ್ಕಳು ಆದವು. ನಾನು ಕಂಡಾಗೆಲ್ಲಾ ದಪ್ಪಗೇ ಇದ್ದಳು.

ಮರುದಿನ ಮುಂಜಾನಿ ಭಾಲ್ಕಿ ಮಾವ ಮಗಳನ್ನ ಕರ್ಕೊಂಡು ರೇಲ್ವೆಕ್ಕ ಹೋದ. ಈ ಸಲ ಯಾರಿಗೂ ಕೇಳಲಿಲ್ಲ. ಅವ್ವ ಅವರಿಗಿ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟು ಒಳಗ ಹೋದಳು. ನಾನು ಮೂಲಿಗಿದ್ದ ಕಣಕಿ ಎಲ್ಲಾ ಬಾಚಿ ಪುಟ್ಟಿಗಿ ತುಂಬಿ, ಹಲೀಮಾ ಖಾಲಾನ ಎಮ್ಮಿ ಮುಂದ ಸುರುವಿದೆ. ಎಮ್ಮಿ ಮೂಸಿ ನೋಡಿ, ಡಾಂಬರ ಗುಳಿಗಿ ವಾಸನಿಗಿ ಉಸ್ಸ್ ಅಂತ ಮೂಗು ಹೊರಳಿಸಿತು. ಆಮ್ಯಾಲ ತಿಂತು. ಕಡೀ ಕಡ್ಡಿ ತನಕ ತಿಂದು ಮುಗಿಸೋ ತನಕ ನಿಂತು ನೋಡಿದೆ. ಮನಿಗಿ ಬಂದು ಅಂವ ಕುಂತ ಜಾಗ ಸಾರಿಸಿ, ಅಲ್ಲೇ ಗ್ವಾಡಿಗಿ ಬೆನ್ನು ಕೊಟ್ಟು ಕುಂತು, ಅವ್ವಾ ಹಸದೀನಿ ಅಂದೆ.